ಮಾವ ಮರೆತ ಕೊಡೆ, ಈಗ ಯಾವ ಕಡೆ?

ನನ್ನ ಮೊಮ್ಮಗಳು ಕನ್ನಡದ ಪದವೊಂದನ್ನು ಮೊದಲ ಸಲ ತಾನಾಗಿ ಓದಿದ್ದು ಮುಂಬಯಿಯ ಲೋಕಲ್ ರೈಲಿನಲ್ಲಿ. ಮಾಟುಂಗದಿಂದ ಮುಲುಂಡಿನ ಮನೆಗೆ ಹಿಂದಿರುಗುತ್ತಿದ್ದೆವು. ಭಾನುವಾರವಾದ್ದರಿಂದ ಕಿಟಕಿಯ ಬಳಿ ಜಾಗ ಸಿಕ್ಕಿತ್ತು. ನನ್ನ ತೊಡೆಯ ಮೇಲಿದ್ದ ಕನ್ನಡ ಪತ್ರಿಕೆಯಲ್ಲಿ ಸಸಿ ನೆಡುವ ಬಗ್ಗೆ ಒಂದು ಜಾಹೀರಾತಿತ್ತು. ಅದರ ಮೊದಲ ಪದದ ಮೇಲೆ ಬೆರಳಿಟ್ಟು ಅವಳು ಗಟ್ಟಿಯಾಗಿ ಹೇಳಿದಳು: "ಮರ್."

"ಮರ" ಎಂದೆ.

"ಅಜ್ಜ, ಅದನ್ನೇ ಓದಿದೆನಲ್ಲ. ಮರ್."

ಅವಳ ಲೆಕ್ಕದಲ್ಲಿ ಅವಳು ತಪ್ಪಿರಲಿಲ್ಲ. ಶಾಲೆ ಇಂಗ್ಲಿಷ್ ಮಾಧ್ಯಮದ್ದು, ಜೊತೆಗೆ ಮರಾಠಿ ಒಂದು ವಿಷಯ. ಮರಾಠಿಯಲ್ಲಿ 'ಘರ' ಎಂದು ಬರೆದು 'ಘರ್' ಎಂದು ಓದಬೇಕು. ಪದದ ಕೊನೆಯ ಅಕಾರ ಕಾಗದದ ಮೇಲೆ ಇರುತ್ತದೆ, ನಾಲಿಗೆಯ ಮೇಲೆ ಇರುವುದಿಲ್ಲ. ಕನ್ನಡದಲ್ಲಿ ಬರೆದ ಅಕಾರವನ್ನು ನುಂಗುವಂತಿಲ್ಲ. ಮನೆಯಲ್ಲಿ ಮಾತನಾಡುವಾಗ ಅವಳು 'ಮರ' ಎಂದೇ ಹೇಳುತ್ತಾಳೆ. ಆದರೆ ಆಡುವ ಮರ ಬೇರೆ, ಅಚ್ಚಾದ ಮರ ಬೇರೆ ಎಂದು ಅವಳ ತಲೆಯಲ್ಲಿ ಎರಡು ಮರಗಳು ಬೆಳೆದಿದ್ದವು. ಆ ಎರಡನ್ನೂ ಒಂದು ಮಾಡಲು ನನಗೆ ಒಂದು ಮಳೆಗಾಲ ಪೂರ್ತಿ ಹಿಡಿಯಿತು. ಅದರ ಕಥೆ ಇದು.

ನನ್ನ ಬಗ್ಗೆ ಎರಡು ಮಾತು ಹೇಳಬೇಕು, ಏಕೆಂದರೆ ಕೆಲಸಕ್ಕೆ ಬಂದದ್ದು ಹಳೆಯ ಕಸುಬೇ. ಕುಂದಾಪುರದ ಕಡೆಯ ಹಳ್ಳಿಯಿಂದ ಹುಡುಗನಾಗಿದ್ದಾಗಲೇ ಮುಂಬಯಿಗೆ ಬಂದೆ. ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಕನ್ನಡದ ರಾತ್ರಿಶಾಲೆಯಲ್ಲಿ ಓದಿದವರ ಸಾಲಿನವನು ನಾನು. ಅನಂತರ ಕೋಟೆ ಭಾಗದ ಸಣ್ಣ ಮುದ್ರಣಾಲಯವೊಂದರಲ್ಲಿ ಅಚ್ಚುಮೊಳೆ ಜೋಡಿಸುವ ಕೆಲಸಕ್ಕೆ ಸೇರಿದೆ. ಸೀಸದ ಮೊಳೆಯಲ್ಲಿ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತದೆ. ವರ್ಷಗಟ್ಟಲೆ ಅಕ್ಷರಗಳನ್ನು ಬೆನ್ನ ಕಡೆಯಿಂದ ನೋಡಿದ ಕಣ್ಣು ನನ್ನದು. ಕಂಪ್ಯೂಟರ್ ಬಂದ ಮೇಲೆ ಕರಡು ತಿದ್ದುವ ಕೆಲಸ ಮಾಡಿ ನಿವೃತ್ತನಾದೆ.

ಮೊಮ್ಮಗಳಿಗೆ ಅಕ್ಷರ ಬರುತ್ತಿತ್ತು. ಮೇ ತಿಂಗಳ ರಜೆಯಲ್ಲಿ ಕಾಗುಣಿತದ ಪಟವನ್ನು ಗೋಡೆಗೆ ಅಂಟಿಸಿ ಕಲಿಸಿದ್ದೆ. ತೋರಿಸಿದ ಅಕ್ಷರವನ್ನು ಹೇಳುತ್ತಿದ್ದಳು. ಅಕ್ಷರಗಳು ಪಕ್ಕಪಕ್ಕದಲ್ಲಿ ನಿಂತು ಪದವಾದ ಕೂಡಲೇ ತಡವರಿಸುತ್ತಿದ್ದಳು. ಊರಿನಿಂದ ತರಿಸಿದ ಮಕ್ಕಳ ಪುಸ್ತಕಗಳನ್ನು ಕೊಟ್ಟು ನೋಡಿದೆ. ಚಿತ್ರ ಚೆಂದ, ಕಥೆ ಚೆಂದ, ಆದರೆ ಮೊದಲ ಸಾಲಿನಲ್ಲೇ 'ಪಟ್ಟಣ', 'ವ್ಯಾಪಾರಿ', 'ಸಂತೋಷದಿಂದಿದ್ದನು'. ಕರ್ನಾಟಕದಲ್ಲಿ ಬೀದಿಯ ಫಲಕ, ಬಸ್ಸಿನ ಹಣೆ, ಅಂಗಡಿಯ ಚೀಲ ಎಲ್ಲವೂ ಮಗುವಿಗೆ ಪಾಠ ಹೇಳುತ್ತವೆ. ಮುಲುಂಡಿನಲ್ಲಿ ಅವಳಿಗೆ ಕನ್ನಡದ ಅಕ್ಷರ ಕಾಣಿಸುವುದು ನನ್ನ ತೊಡೆಯ ಮೇಲಿನ ಪತ್ರಿಕೆಯಲ್ಲಿ ಮಾತ್ರ.

ಹಾಡುಗಳಿವೆಯಲ್ಲ ಎಂದು ಮನೆಯವಳು ನೆನಪಿಸಿದಳು. ಪಂಜೆ ಮಂಗೇಶರಾಯರ, ಜಿ. ಪಿ. ರಾಜರತ್ನಂ ಅವರ ಶಿಶುಗೀತೆಗಳನ್ನು ಅವಳು ಮೊಮ್ಮಗಳಿಗೆ ತೊಟ್ಟಿಲಿನಿಂದಲೇ ಹಾಡಿ ಕಲಿಸಿದ್ದಳು. ಅವುಗಳ ಪುಸ್ತಕ ತೆರೆದಿಟ್ಟೆ. ಹುಡುಗಿ ಗಡಗಡನೆ ಓದಿದಳು. ನನಗೆ ಎದೆ ತುಂಬಿ ಬಂತು. ಮರುಕ್ಷಣ ಅವಳ ಬೆರಳನ್ನು ನೋಡಿದೆ. ಬಾಯಿ ಮೂರನೆಯ ಸಾಲಿನಲ್ಲಿತ್ತು, ಬೆರಳು ಇನ್ನೂ ಮೊದಲ ಸಾಲಿನ ನಡುವೆ ಅಲೆಯುತ್ತಿತ್ತು. ಅದು ಓದಲ್ಲ, ನೆನಪು. ಅಷ್ಟು ಒಳ್ಳೆಯ ಹಾಡುಗಳು ಬಾಯಿಗೆ ಮೊದಲೇ ಸಿಕ್ಕಿಬಿಟ್ಟರೆ ಕಣ್ಣಿಗೆ ಮಾಡಲು ಕೆಲಸವೇ ಉಳಿಯುವುದಿಲ್ಲ.

ಹೀಗಿರುವಾಗ ಅವಳು ಶಾಲೆಯ ಗ್ರಂಥಾಲಯದಿಂದ ಒಂದು ಇಂಗ್ಲಿಷ್ ಪುಸ್ತಕ ತಂದಳು: ಅಮೆರಿಕದ ಡಾಕ್ಟರ್ ಸ್ಯೂಸ್ 1960ರಲ್ಲಿ ಹೊರತಂದ 'ಗ್ರೀನ್ ಎಗ್ಸ್ ಅಂಡ್ ಹ್ಯಾಮ್'. ರಾತ್ರಿ ಊಟವಾದ ಮೇಲೆ ಸೋಫಾದ ಮೇಲೆ ನಿಂತು ಇಡೀ ಪುಸ್ತಕವನ್ನು ನಮಗೆಲ್ಲ ಓದಿ ಹೇಳಿದಳು. ಅದನ್ನು ಅವಳು ಹಿಂದೆಂದೂ ಕೇಳಿರಲಿಲ್ಲ. ನಾನು ಬೆರಳನ್ನೇ ನೋಡುತ್ತಿದ್ದೆ. ಬೆರಳು, ಬಾಯಿ ಎರಡೂ ಒಂದೇ ಪದದ ಮೇಲಿದ್ದವು. ಒಂದು ಕಡೆ ಪದವನ್ನು ತಪ್ಪಾಗಿ ಓದಿದಳು. ಯಾರೂ ತಿದ್ದಲಿಲ್ಲ. ಮುಂದಿನ ಸಾಲಿನ ಕೊನೆಗೆ ಬಂದಾಗ ತಾನೇ ನಿಂತಳು, ಹಿಂದೆ ಹೋದಳು, ಸರಿಪಡಿಸಿಕೊಂಡು ಮುಂದೆ ನಡೆದಳು. ಪ್ರಾಸ ಕೂಡಲಿಲ್ಲವಾದ್ದರಿಂದ ತಪ್ಪು ಅವಳಿಗೇ ತಿಳಿಯಿತು. ಇಷ್ಟು ವರ್ಷ ಕವಿತೆಗಳ ಕರಡು ತಿದ್ದಿದ್ದರೂ ಪ್ರಾಸಕ್ಕೆ ಇಂಥದ್ದೊಂದು ಉಪಯೋಗವಿದೆ ಎಂದು ನನಗೆ ಹೊಳೆದಿರಲಿಲ್ಲ. ಕಲಿಯುವ ಮಗುವಿಗೆ ಅದು ಕತ್ತಲೆಯ ಮೆಟ್ಟಿಲಿನಲ್ಲಿ ಕೈಗೆ ಸಿಗುವ ಕಟಕಟೆ. ಹಿಡಿದುಕೊಂಡರೆ ದೊಡ್ಡವರನ್ನು ಕರೆಯದೆಯೇ ಹತ್ತಬಹುದು.

ಆ ಪುಸ್ತಕದ ಹಿನ್ನೆಲೆಯನ್ನು ಅಳಿಯ ಹೇಳಿದರು. ಸ್ಯೂಸ್ 1957ರಲ್ಲಿ ಹೊಸ ಓದುಗರಿಗಾಗಿ ಒಂದು ಬೆಕ್ಕಿನ ಕಥೆಯನ್ನು 236 ಬೇರೆ ಬೇರೆ ಪದಗಳಲ್ಲಿ ಬರೆದಿದ್ದರಂತೆ. ಐವತ್ತೇ ಪದಗಳಲ್ಲಿ ಬರೆಯಲು ಆಗದು ಎಂದು ಪ್ರಕಾಶಕ ಬೆನೆಟ್ ಸರ್ಫ್ 50 ಡಾಲರಿನ ಪಂಥ ಕಟ್ಟಿದರು. ಆ ಪಂಥದಿಂದ ಹುಟ್ಟಿದ್ದು ಈ ಪುಸ್ತಕ. ಇದರ ಐವತ್ತು ಪದಗಳಲ್ಲಿ 49 ಒಂದೇ ಉಸಿರಿನವು. ಉಳಿದ ಒಂದು ಪದ ಮಾತ್ರ ಉದ್ದನೆಯದು.

"ಅಪ್ಪಯ್ಯ, ಕನ್ನಡದಲ್ಲಿ ಇಂಥದ್ದು ಇದೆಯೆ?" ಎಂದು ಮಗಳು ಕೇಳಿದಳು. ಇದ್ದರೂ ನನ್ನ ಕೈಗೆ ಸಿಕ್ಕಿರಲಿಲ್ಲ. ಆ ರಾತ್ರಿಯೇ ಹಳೆಯ ಡೈರಿಯೊಂದರ ಖಾಲಿ ಪುಟದ ಮೇಲೆ 1ರಿಂದ 50ರವರೆಗೆ ಅಂಕಿ ಹಾಕಿ ಕುಳಿತೆ.

ಬೆಳಗಾಗುವುದರೊಳಗೆ ಒಂದು ವಿಷಯ ಸ್ಪಷ್ಟವಾಯಿತು. ಕನ್ನಡದಲ್ಲಿ ಪದಗಳನ್ನು ಎಣಿಸಿ ಪ್ರಯೋಜನವಿಲ್ಲ. ಕೈ, ಮೈ, ಹೂ, ಬಾ, ತಾ, ನೀ ಎಂದು ಒಂದಕ್ಷರದ ಪದಗಳು ಬೆರಳೆಣಿಕೆಯಷ್ಟೇ. ಅದೂ ಹೋಗಲಿ, ನಮ್ಮ ಪದ ಇದ್ದಂತೆ ಇರುವುದಿಲ್ಲ. ಮನೆ ಎಂಬುದು ಮನೆಗೆ, ಮನೆಯ, ಮನೆಯಿಂದ, ಮನೆಯೊಳಗೆ ಆಗುತ್ತದೆ. ಇವು ನಾಲ್ಕು ಪದಗಳೋ ಒಂದೇ ಪದವೋ? ಮಗುವಿನ ಕಿವಿಗೆ ಒಂದು, ಕಣ್ಣಿಗೆ ನಾಲ್ಕು.

ಆಗ ನೆನಪಾದದ್ದು ಮೊಳೆಗಳ ಪೆಟ್ಟಿಗೆ. ಇದನ್ನು ಅಚ್ಚಿಗೆ ಜೋಡಿಸುವುದಾದರೆ ಎಷ್ಟು ಬಗೆಯ ಅಕ್ಷರಕ್ಕೆ ಕೈ ಹಾಕಬೇಕು? ಮಗು ಗುರುತಿಸಬೇಕಾದದ್ದೂ ಅಷ್ಟನ್ನೇ ಅಲ್ಲವೆ? ನಮ್ಮ ವರ್ಣಮಾಲೆಯಲ್ಲಿ 49 ಅಕ್ಷರ ಎನ್ನುತ್ತೇವೆ. ಆದರೆ 34 ವ್ಯಂಜನಗಳಿಗೆ ಕಾಗುಣಿತದ 15 ರೂಪಗಳಂತೆ ಹಿಡಿದರೆ 510 ಆಕಾರಗಳಾಗುತ್ತವೆ, ಸ್ವರಗಳು ಬೇರೆ, ಒತ್ತಕ್ಷರಗಳು ಬೇರೆ. ಏಳು ವರ್ಷದ ಮಗುವಿನ ಮುಂದೆ ನಾವು ಅಷ್ಟನ್ನೂ ಒಮ್ಮೆಗೇ ಸುರಿಯುತ್ತೇವೆ. ಹಾಗಾಗಿ ನನ್ನ ಪಂಥವನ್ನು ನಾನೇ ಕಟ್ಟಿಕೊಂಡೆ: ಐವತ್ತು ಆಕಾರಗಳಲ್ಲಿ ಒಂದು ಕಥೆ. 'ಕ' ಒಂದು, 'ಕಾ' ಇನ್ನೊಂದು. ಒತ್ತಕ್ಷರ ಒಂದೂ ಇರಬಾರದು.

ಒತ್ತಕ್ಷರ ಬಿಟ್ಟು ಕನ್ನಡ ಬರೆಯಲು ಒಮ್ಮೆ ಕುಳಿತು ನೋಡಬೇಕು. ಮನೆಯೇ ಖಾಲಿಯಾಗುತ್ತದೆ. ಅಮ್ಮ ಇಲ್ಲ, ಅಪ್ಪ ಇಲ್ಲ, ಅಕ್ಕ, ಅಣ್ಣ, ತಮ್ಮ ಇಲ್ಲ, ಅಜ್ಜ ಅಜ್ಜಿಯರೂ ಇಲ್ಲ. ಅನ್ನ, ಬೆಲ್ಲ, ಬೆಣ್ಣೆ, ಉಪ್ಪು, ಹಣ್ಣು ಯಾವುದೂ ಇಲ್ಲ. ಬೆಕ್ಕು, ಹಕ್ಕಿ, ಎತ್ತು ಓಡಿಹೋದವು. ಮಗು ಬೀಳುವಂತಿಲ್ಲ, ಏಳುವಂತಿಲ್ಲ, ಏಕೆಂದರೆ 'ಬಿದ್ದ', 'ಎದ್ದ' ಎರಡರಲ್ಲೂ ಒತ್ತಿದೆ. 'ಇಲ್ಲ' ಎನ್ನುವ ಪದ ಕೂಡ ಇಲ್ಲ. ನಾವು ಮಗುವಿಗೆ ಮೊಟ್ಟಮೊದಲು ಆಡಲು ಕಲಿಸುವ ಪದಗಳು ಓದಲು ಇಷ್ಟು ಕಷ್ಟದವು ಎಂದು ನಾನು ಯೋಚಿಸಿಯೇ ಇರಲಿಲ್ಲ. ನೆಂಟರಲ್ಲಿ ಉಳಿದವರು ತಾಯಿ, ತಂದೆ, ತಂಗಿ, ಮಾವ, ಭಾವ. ಮಾವನನ್ನು ಆರಿಸಿಕೊಂಡೆ. ಆನೆ, ಮೇಕೆ, ಕಾಗೆ, ನಾಯಿ, ಕೋಳಿ, ಮೀನು ಉಳಿದಿದ್ದವು. ಮಳೆ ಉಳಿದಿತ್ತು. ಜೂನ್ ತಿಂಗಳು, ಹೊರಗೆ ಮಳೆ ಹಿಡಿದಿತ್ತು, ಬಾಗಿಲ ಹಿಂದೆ ನನ್ನ ಕೊಡೆ ನೀರು ಸೋರಿಸುತ್ತಾ ನಿಂತಿತ್ತು. ಕಥೆ ಅಲ್ಲಿಂದ ಶುರುವಾಯಿತು: ಮಾವ ಲೋಕಲ್ ರೈಲಿನಲ್ಲಿ ಕೊಡೆ ಮರೆತುಬಿಡುತ್ತಾನೆ, ಕೊಡೆ ತಾನೊಂದೇ ಊರು ಸುತ್ತುತ್ತದೆ.

ಆದರೆ ಮೊದಲ ಕರಡು ಕೊಡೆಯದ್ದಾಗಿರಲಿಲ್ಲ, ಮರದ್ದಾಗಿತ್ತು. ರೈಲಿನಲ್ಲಿ ಎಡವಿದ ಪದವನ್ನೇ ಗೆಲ್ಲಬೇಕೆಂಬ ಹಟದಿಂದ ಮರ, ಸರ, ದಾರ, ಹಾರ ಎಂದು ಪ್ರಾಸ ಹಿಡಿದಿದ್ದೆ. ಅವಳು ಓದಿದಳು: "ಮರ್... ಸರ್... ದಾರ್... ಹಾರ್." ಅಷ್ಟೂ ಸಾಲುಗಳು ತಪ್ಪು, ಆದರೆ ಪ್ರಾಸ ಒಂದು ಕೂದಲಿನಷ್ಟೂ ಕದಲಲಿಲ್ಲ! ಎರಡೂ ಕಡೆ ಅಕಾರ ಬಿದ್ದುಹೋದರೆ ಉಳಿದದ್ದು ಚೆನ್ನಾಗಿಯೇ ಕೂಡಿಕೊಳ್ಳುತ್ತದೆ. ಕೈಹಿಡಿದು ನಡೆಸುತ್ತದೆ ಎಂದು ನಾನು ನಂಬಿದ್ದ ಪ್ರಾಸ ಅವಳ ತಪ್ಪನ್ನು ಮುಚ್ಚಿಡುತ್ತಿತ್ತು. ಎರಡು ವಾರದ ಬರವಣಿಗೆಯನ್ನು ಬದಿಗಿಟ್ಟೆ.

ಸಾಲಿನ ಕೊನೆಯಲ್ಲಿ ಅಕಾರ ಬೇಡ ಎಂದು ತೀರ್ಮಾನಿಸಿದೆ. ಎಕಾರ, ಉಕಾರ, ಇಕಾರಗಳನ್ನು ಅವಳು ನುಂಗುವುದಿಲ್ಲ. ಎಕಾರದಲ್ಲಿ ಇನ್ನೊಂದು ತೊಡಕಿದೆ: ಮರಾಠಿಯಲ್ಲಿ ಎ-ಏ, ಒ-ಓ ಎಂಬ ಭೇದವಿಲ್ಲ, ಹಾಗಾಗಿ 'ಕೊಡೆ' ಎಂಬುದು 'ಕೋಡೇ' ಆಗುವ ಅಪಾಯವಿತ್ತು. ಆದರೆ ಕೊಡೆ, ಮಳೆ, ಹೊಳೆ ಇವು ದಿನವೂ ಅವಳ ಕಿವಿಯ ಮೇಲೆ ಬೀಳುವ ಪದಗಳು. ನಾಲಿಗೆ ಎಳೆದರೂ ಕಿವಿ ತಡೆಯುತ್ತದೆ ಎಂದು ಧೈರ್ಯ ಮಾಡಿದೆ. ಹೊಸ ಕರಡಿನ ಮೊದಲ ಎರಡು ಸಾಲು ಹೀಗೆ ಬಂದವು:

ಬಂತು ಬಂತು ಮಳೆ
ಬೀದಿ ತುಂಬ ಹೊಳೆ

ಹಿಂದ್‌ಮಾತಾದ ಬಳಿ ನೀರು ನಿಂತ ರಸ್ತೆಯನ್ನು ಕಂಡ ಮುಂಬಯಿಯ ಮಗುವಿಗೆ ಇದರಲ್ಲಿ ಅರ್ಥ ಹೇಳುವುದೇನೂ ಇರಲಿಲ್ಲ. ಮಳೆ, ಹೊಳೆ ಎರಡಕ್ಕೂ 'ಳೆ' ಬಾಲ. ಅವಳು ಅದನ್ನು ಕೇಳುವ ಮೊದಲೇ ಕಂಡಳು, "ಎರಡೂ ಒಂದೇ ಚಪ್ಪಲಿ ಹಾಕಿಕೊಂಡಿವೆ" ಎಂದಳು. ಇಂಗ್ಲಿಷಿನಲ್ಲಿ ಒಂದೇ ದನಿಯ ಎರಡು ಪದಗಳು ಬರಹದಲ್ಲಿ ಬೇರೆ ಬೇರೆಯಾಗಿ ಕಾಣಬಹುದು. ನಮ್ಮಲ್ಲಿ ಕಿವಿಗೆ ಕೂಡಿದ್ದು ಕಣ್ಣಿಗೂ ಕೂಡುತ್ತದೆ. ಹಳಬರು ಪ್ರಾಸವನ್ನು ಸಾಲಿನ ಎರಡನೆಯ ಅಕ್ಷರದಲ್ಲಿ ಇಡುತ್ತಿದ್ದರು. ನನ್ನ ತಾಯಿ ಹಾಡುತ್ತಿದ್ದ ಗೋವಿನ ಹಾಡು ನಡೆಯುವುದೇ ಹಾಗೆ: ಧರಣಿ, ಮೆರೆ, ಇರುವ, ಪರಿ ಎಂದು ರಕಾರದ ಮೇಲೆ ಕಾಲಿಟ್ಟುಕೊಂಡು. ನಾನು ಅದನ್ನೂ ಪ್ರಯತ್ನಿಸಿದೆ. ಕೇಳಲು ಬಹಳ ಇಂಪು, ಆದರೆ ಅವಳ ಬೆರಳು ಅಲ್ಲಿ ನಿಲ್ಲಲಿಲ್ಲ. ಮಗು ಉಸಿರು ಬಿಡುವುದು ಸಾಲಿನ ಕೊನೆಯಲ್ಲಿ, ಕಣ್ಣು ತಂಗುವುದೂ ಅಲ್ಲಿಯೇ.

ಮುಂದಿನ ಸಾಲಿನಲ್ಲಿ ಒಂಬತ್ತು ದಿನ ಸಿಕ್ಕಿಬಿದ್ದೆ. ಕೊಡೆ ಕಳೆದಿದೆ, ಸಹಜವಾಗಿ ಮಾವ 'ಎಲ್ಲಿ?' ಎಂದು ಕೇಳಬೇಕು. 'ಎಲ್ಲಿ'ಯಲ್ಲಿ ಒತ್ತಿದೆ. ಯಾರು, ಏನು, ಯಾಕೆ, ಹೇಗೆ ಎಲ್ಲಕ್ಕೂ ಅವಕಾಶವಿದೆ, ಎಲ್ಲಿ ಎಂಬುದಕ್ಕೆ ಮಾತ್ರ ಇಲ್ಲ. ಕಳೆದುಹೋದ ವಸ್ತುವಿನ ಕಥೆಯನ್ನು ಎಲ್ಲಿ ಎಂದು ಕೇಳದೆ ಹೇಳುವುದು ಹೇಗೆ? ಅಡುಗೆಮನೆಯ ಬಾಗಿಲಲ್ಲಿ ಬೀನ್ಸ್ ಮುರಿಯುತ್ತಾ ಕುಳಿತಿದ್ದ ಮನೆಯವಳು, "ಎಲ್ಲಿ ಎಂದೇ ಕೇಳಬೇಕೆ? ಯಾವ ಕಡೆ ಎಂದರೆ ಆಗದೆ?" ಎಂದಳು. ಬೀನ್ಸ್ ಮುರಿಯುವ ಸದ್ದಿಗೇ ತಾಳ ಸೇರಿಸಿ ಸಾಲನ್ನೂ ಅವಳೇ ಹೇಳಿಬಿಟ್ಟಳು:

ಮಾವ ಮರೆತ ಕೊಡೆ
ಈಗ ಯಾವ ಕಡೆ?

ಗಿಡ್ಡ ಅಕ್ಷರಕ್ಕೆ ಒಂದು, ಉದ್ದದ್ದಕ್ಕೆ ಎರಡು ಎಂದು ಮಾತ್ರೆ ಎಣಿಸಿದರೆ ಮೂರು, ಮೂರು, ಎರಡು. ಎರಡು ಸಾಲೂ ಒಂದೇ ಅಳತೆ. ಪುಸ್ತಕಕ್ಕೆ ಹೆಸರೂ ಸಿಕ್ಕಿತು, ಪೂರ್ತಿ ಪುಸ್ತಕದ ನಡಿಗೆಯೂ ಸಿಕ್ಕಿತು. ಇನ್ನೂ ಮುಖ್ಯವಾದುದು ಮರುದಿನ ಗೊತ್ತಾಯಿತು. ಮೊಮ್ಮಗಳು ಎಂದಿನಂತೆ "ಮಾವ್ ಮರೆತ್ ಕೊಡೆ" ಎಂದು ಓದಿದಳು. ನಾನು ಏನೂ ಹೇಳದೆ ಮೊಣಕಾಲಿನ ಮೇಲೆ ತಾಳ ಹಾಕಿದೆ. ತಾಳಕ್ಕೆ ಪದ ಸಾಲದೆ ಹೋಯಿತು, ಕುಂಟಿತು. ಎರಡನೆಯ ಸಲವೂ ಕುಂಟಿತು. ಮೂರನೆಯ ಸಲ ಅವಳು ನಿಧಾನವಾಗಿ, ಒಂದೊಂದು ಅಕ್ಷರಕ್ಕೂ ತಲೆ ಆಡಿಸುತ್ತಾ, "ಮಾ-ವ ಮ-ರೆ-ತ ಕೊ-ಡೆ" ಎಂದಳು. ಮುಖ ಅರಳಿತು. "ಅಜ್ಜ, ಕೊನೆಗೆ ಒಂದು ಅ ಇದೆ!" ಸಾಲಿನ ಕೊನೆಯ ಪ್ರಾಸಕ್ಕೆ ಆಗದ ಕೆಲಸವನ್ನು ಸಾಲಿನ ನಡುವಿನ ಲಯ ಮಾಡಿಕೊಟ್ಟಿತು. ರೈಲಿನಲ್ಲಿ ನಾನು ಹತ್ತು ಸಲ ತಿದ್ದಿದರೂ ಹೋಗದ ತಪ್ಪು ಆ ಸಂಜೆ ಹೋಯಿತು.

ಅಲ್ಲಿಂದ ಮುಂದೆ ಕೆಲಸ ಸರಾಗವಾಯಿತು. 'ಓಡು ಓಡು ರೈಲು, ನೂರು ನೂರು ಮೈಲು'. 'ಠಾಣೆ ಬಂತು, ಇಳಿ! ಕೊಡೆಗೆ ಈಗ ಚಳಿ'. ಕೊಡೆಗೆ ಚಳಿಯಾಗುತ್ತದೆ ಎಂಬುದಕ್ಕೆ ಅವಳು ಬಿದ್ದು ಬಿದ್ದು ನಕ್ಕಳು. ದಾದರ್ ತರಬೇಕೆಂದು ಬಹಳ ಆಸೆಯಿತ್ತು. 'ರ್' ಎಂಬ ಅರ್ಧಾಕ್ಷರ ಬರುತ್ತದೆಂದು ಕೈಬಿಟ್ಟೆ.

ಕಥೆಯ ನಡುಭಾಗವನ್ನು ಪ್ರಶ್ನೆ-ಉತ್ತರವಾಗಿಸಿದೆ. ಲಗೇಜು ಡಬ್ಬಿಯಲ್ಲಿ ಬುಟ್ಟಿಯೊಂದಿಗೆ ಪ್ರಯಾಣಿಸುವ ಮೀನು ಮಾರುವ ಹೆಂಗಸರನ್ನು ನಾವು ದಿನಾ ನೋಡುತ್ತೇವೆ. ಅವರಲ್ಲೊಬ್ಬಳ ಬುಟ್ಟಿ ಒಡೆದಾಗ ಅವಳು ಮಾವನ ಕೊಡೆಯನ್ನು ತಲೆಕೆಳಗು ಮಾಡಿ ಹಿಡಿಯುತ್ತಾಳೆ:

ಕೊಡೆಯ ಒಳಗೆ ಏನು?
ಮೀನು, ಮೀನು, ಮೀನು!

ಮುಂದೆ ಕೊಡೆ ಯಾವುದೋ ಛಾವಣಿಯ ಮೇಲೆ ಬಿದ್ದಾಗ:

ಕೊಡೆಯ ಮೇಲೆ ಯಾರು?
ಕಾಗೆ, ಕಾಗೆ, ನೂರು!

ಇಂಥ ಹದಿನಾಲ್ಕು ಜೋಡಿ ಸಾಲುಗಳಾದವು. ಆಕಾರಗಳನ್ನು ಎಣಿಸಿದರೆ 63. ಐವತ್ತಕ್ಕೆ ಇಳಿಸಲು ಇನ್ನೊಂದು ತಿಂಗಳು ಹೆಣಗಬಹುದಿತ್ತು. ಇಳಿಸಿದಷ್ಟೂ ಕಾಗೆ, ಮೀನು ಯಾವುದಾದರೊಂದು ಹಾರಿಹೋಗುತ್ತಿತ್ತು. ಮಗು ನಕ್ಕ ಜಾಗವನ್ನು ಅಂಕಿಗಾಗಿ ಅಳಿಸುವುದು ಸರಿಯೆನಿಸಲಿಲ್ಲ.

ಕಥೆ ಮುಗಿಸುವುದು ಮಾತ್ರ ಉಳಿಯಿತು. ಕೊಡೆ ಸಿಗಬೇಕು. 'ಸಿಕ್ಕಿತು' ಎನ್ನಲು ಒತ್ತು ಬೇಕು! 'ದೊರೆಯಿತು' ಎನ್ನಬಹುದು, ಆದರೆ ಮನೆಯಲ್ಲಿ ಯಾರ ವಸ್ತುವೂ ದೊರೆಯುವುದಿಲ್ಲ, ಎಲ್ಲವೂ ಸಿಕ್ಕುತ್ತವೆ. ಅವಳ ಬಾಯಲ್ಲಿಲ್ಲದ ಪದವನ್ನು ಹಾಕಿ ಪುಸ್ತಕ ಮುಗಿಸಲು ಮನಸ್ಸು ಒಪ್ಪಲಿಲ್ಲ. ಆ ಪುಟವನ್ನು ಹಾಗೆಯೇ ಬಿಟ್ಟು ಚಿತ್ರದ ಕಡೆ ತಿರುಗಿದೆ.

ನಮ್ಮ ಕಟ್ಟಡದಲ್ಲೇ ಚಿತ್ರಕಲೆ ಕಲಿಯುತ್ತಿರುವ ಮರಾಠಿ ಹುಡುಗನೊಬ್ಬನಿದ್ದಾನೆ. ಅವನಿಗೆ ಕನ್ನಡ ಬಾರದು. ಸಾಲುಗಳನ್ನು ಮರಾಠಿಯಲ್ಲಿ ವಿವರಿಸಿದೆ. ಮೊದಲ ಸಲ ಅವನು 'ಒಳಗೆ ಏನು?' ಎಂಬ ಪುಟದಲ್ಲೇ ಬೊಂಬಿಲ್, ಪಾಂಪ್ಲೆಟ್ ಎಲ್ಲವನ್ನೂ ಅಂದವಾಗಿ ಬಿಡಿಸಿದ. ಮೊಮ್ಮಗಳು ಚಿತ್ರ ನೋಡಿ "ಮೀನು" ಎಂದು ಕೂಗಿ ಪುಟ ಹೊರಳಿಸಿಬಿಟ್ಟಳು, ಒಂದಕ್ಷರವನ್ನೂ ಓದಲಿಲ್ಲ. ಚಿತ್ರ ಸಾಲಿನ ಕೆಲಸವನ್ನು ಕಸಿದುಕೊಳ್ಳಬಾರದು. ಎಂಟು ಹಾಳೆಗಳನ್ನು ನಡುವೆ ಮಡಚಿದರೆ 32 ಪುಟ. ಪ್ರಶ್ನೆ ಯಾವಾಗಲೂ ಬಲಗಡೆಯ ಪುಟದಲ್ಲಿ, ಉತ್ತರ ಹಾಳೆ ಮಗುಚಿದ ಮೇಲೆ ಎಂದು ಜೋಡಿಸಿದೆ. ಪ್ರಶ್ನೆಯ ಪುಟದಲ್ಲಿ ತಲೆಕೆಳಗಾದ ಕೊಡೆ, ಅದರಿಂದ ತೊಟ್ಟಿಕ್ಕುವ ನೀರು, ಅಷ್ಟೇ. 'ಏನು' ಎಂದು ಓದಿ, ಪುಟ ಹಿಡಿದುಕೊಂಡು, 'ನು' ಎಂದು ಮುಗಿಯುವುದು ಏನಿರಬಹುದು ಎಂದು ಮಗು ಒಂದು ಗಳಿಗೆ ಯೋಚಿಸುತ್ತದಲ್ಲ, ಆ ಗಳಿಗೆಗಾಗಿ ಎಷ್ಟು ಸಲ ಪುಟ ಬದಲಾಯಿಸಿದರೂ ತಪ್ಪಿಲ್ಲ. ಜೇನು ಎಂದು ಒಮ್ಮೆ ಊಹಿಸಿದಳು. ನಾನು ಎಂದು ಒಮ್ಮೆ.

ಕಾಗೆಗಳದ್ದು ಬೇರೆಯೇ ಕಥೆ. ಚಿತ್ರಕಾರ ಹುಡುಗ ಹಿಂಡು ತೋರಿಸಲು ಮೂವತ್ತರ ಸುಮಾರು ಕಾಗೆ ಬಿಡಿಸಿದ್ದ. ಇವಳು ಪೆನ್ಸಿಲ್ ತುದಿಯಲ್ಲಿ ಮುಟ್ಟಿ ಮುಟ್ಟಿ ಎಣಿಸಿ, "37. ನೂರು ಎಂದು ಬರೆದಿದೆ" ಎಂದಳು. ಬರೆದದ್ದನ್ನು ನಂಬಿ, ಚಿತ್ರವನ್ನು ಅದರ ಪ್ರಕಾರ ಪರೀಕ್ಷಿಸುವ ಮಟ್ಟಕ್ಕೆ ಬಂದಿದ್ದಾಳೆಂದು ನನಗೆ ಹೇಳಲಾರದಷ್ಟು ಸಂತೋಷವಾಯಿತು. ಹುಡುಗ ಇನ್ನೂ 63 ಕಾಗೆಗಳನ್ನು ತಂತಿ, ಕಂಬ, ದೂರದ ಆಕಾಶ ಎಲ್ಲ ಕಡೆ ಕೂರಿಸಿಕೊಟ್ಟ. ಆಕಾರಗಳೂ 63, ಸೇರಿಸಿದ ಕಾಗೆಗಳೂ 63.

ಕಾಗದಕ್ಕೆ ಅಬ್ದುಲ್ ರೆಹಮಾನ್ ಸ್ಟ್ರೀಟಿಗೆ ಹೋದೆ. ಮಗು ಬೆರಳು ಒತ್ತಿ ಓದಿದರೂ ಹಿಂದಿನ ಪುಟದ ಮಸಿ ಕಾಣದಷ್ಟು ದಪ್ಪ, ಮಡಚಿದಾಗ ಸೀಳದಷ್ಟು ಮೃದು ಇರಬೇಕು. ಮಡಚಿ ಉಗುರು ಎಳೆದು ನೋಡಿ ಆರಿಸಿದೆ. ಮುದ್ರಿಸುವ ಅಂಗಡಿಯ ಕಂಪ್ಯೂಟರಿನಲ್ಲಿ ಕನ್ನಡದ ಲಿಪಿ ಇರಲಿಲ್ಲ, 'ಕೊ' ಚೂರುಚೂರಾಗಿ ಬಂತು. ಕಡತವನ್ನು ಪಿಡಿಎಫ್ ಮಾಡಿಸಿ ಕೊಟ್ಟೆ, ಸರಿಹೋಯಿತು. ಅಕ್ಷರ ದೊಡ್ಡದು, ಪದಗಳ ನಡುವೆ ಒಂದು ಬೆರಳು ಹಿಡಿಯುವಷ್ಟು ಜಾಗ, ಪುಟಕ್ಕೆ ಒಂದೇ ಸಾಲು. ಬೆನ್ನಿಗೆ ದಪ್ಪ ದಾರದಲ್ಲಿ ಹೊಲಿಗೆಯನ್ನು ನಾನೇ ಹಾಕಿದೆ. ಇಪ್ಪತ್ತು ಪ್ರತಿಗಳಾದವು.

ಬಿಟ್ಟಿದ್ದ ಕೊನೆಯ ಪುಟಗಳ ವಿಷಯ ಹೇಳಬೇಕು. ಯೋಚಿಸುತ್ತಾ ಒತ್ತುಗಳನ್ನೆಲ್ಲ ಒಂದು ಹಾಳೆಯ ಮೇಲೆ ಬರೆದುಕೊಂಡು ನೋಡಿದೆ. ಮೊಳೆ ಪೆಟ್ಟಿಗೆಯಲ್ಲಿ ಒತ್ತುಗಳಿಗೆ ಬೇರೆಯೇ ಖಾನೆಗಳಿದ್ದವು. ಕೆಲವು ತಮ್ಮ ಅಕ್ಷರದ ಹಾಗೆಯೇ ಇರುತ್ತವೆ, ಕೆಲವಕ್ಕೆ ಸಂಬಂಧವೇ ಕಾಣದು. ಕ, ಜ, ಪ, ಬ ಇವುಗಳ ಒತ್ತು ಆಯಾ ಅಕ್ಷರದ ಚಿಕ್ಕ ಪ್ರತಿ. ಮ, ನ, ತ, ಲ, ಯ, ರ ಇವುಗಳ ಒತ್ತು ಬೇರೆಯೇ ಆಕಾರ. ಅಂದರೆ ಹೊಸದಾಗಿ ಓದುವವರಿಗೆ ಅಮ್ಮನಿಗಿಂತ ಅಜ್ಜ ಸುಲಭ! ಜೊತೆಗೆ 'ಸಿಕ್ಕಿತು'ವಿನ ಕಕಾರವೂ ಸುಲಭದ ಗುಂಪಿನದ್ದೇ. ಹಾಗಾದರೆ ಇಪ್ಪತ್ತೆಂಟು ಪುಟ ಒತ್ತಿಲ್ಲದೆ ನಡೆದು ಬಂದ ಮಗು ಕೊನೆಯ ಎರಡು ಪುಟಗಳಲ್ಲಿ ಎರಡು ಒತ್ತುಗಳನ್ನು ಎದುರಿಸಲಿ ಎಂದು ಬರೆದೆ. ಇದನ್ನು ಮೊಮ್ಮಗಳಿಗೆ ತೋರಿಸಿರಲಿಲ್ಲ.

ಹೊಲಿಗೆ ಮುಗಿದ ಸಂಜೆ ಮೊದಲ ಪ್ರತಿ ಅವಳ ಕೈಗೆ ಹೋಯಿತು. ಇಂಗ್ಲಿಷ್ ಪುಸ್ತಕ ಓದಿದ ದಿನದಂತೆಯೇ ಸೋಫಾದ ಮೇಲೆ ನಿಂತಳು. ಮಗಳು, ಅಳಿಯ, ಮನೆಯವಳು ಕೆಳಗೆ ಕುಳಿತರು. ರೈಲು ಓಡಿತು, ಠಾಣೆ ಬಂತು, ಮೀನು ಬಂತು, ಕಾಗೆಗಳು ಬಂದವು. ಒಂದು ಕಡೆ 'ಕೆಳಗೆ' ಎಂಬುದನ್ನು 'ಒಳಗೆ' ಎಂದು ಓದಿ, ಚಿತ್ರ ನೋಡಿ, ಹಿಂದೆ ಹೋಗಿ ತಿದ್ದಿಕೊಂಡಳು. 29ನೆಯ ಪುಟಕ್ಕೆ ಬಂದಾಗ ನಿಂತಳು. ಕೋಣೆಯಲ್ಲಿ ಯಾರೂ ಉಸಿರೆತ್ತಲಿಲ್ಲ. ಮಗಳು ಹೇಳಿಕೊಡಲು ಬಾಯಿ ತೆರೆದಳು, ನಾನು ಕೈ ಎತ್ತಿ ತಡೆದೆ.

"ಅ... ಜ..." ಎಂದಳು. ಪುಸ್ತಕವನ್ನು ಕಣ್ಣಿನ ಹತ್ತಿರ ತಂದಳು. "ಜ ಕೆಳಗೆ ಇನ್ನೊಂದು ಜ ಇದೆ. ಸಣ್ಣದು. ಮರಿ ಜ." ಮತ್ತೆ ಮೊದಲಿನಿಂದ ಹಿಡಿದಳು. "ಅ... ಜ... ಮರಿ ಜ... ಅ-ಜ-ಜ..." ತಾಳ ಹಾಕಿದಳು, ಕುಂಟಿತು. ಎರಡು ಜಕಾರಗಳನ್ನೂ ಒಟ್ಟಿಗೆ ಒತ್ತಿ ಹೇಳಿದಳು. ಒಮ್ಮೆಗೇ ತಲೆಯೆತ್ತಿ ನನ್ನನ್ನು ನೋಡಿದಳು.

ಅಜ್ಜ! ಅಜ್ಜ! ಕೊಡೆ!
ಸಿಕ್ಕಿತು ಈ ಕಡೆ!

ಎರಡನೆಯ ಸಾಲಿನ ಮರಿ 'ಕ'ವನ್ನು ಅವಳು ನಿಲ್ಲದೆಯೇ ದಾಟಿದಳು. 'ಮಾವ' ಓಡಿ ಬರುವ ಆ ಚಿತ್ರದಲ್ಲಿ ಬಾಗಿಲ ಬಳಿ ಕೊಡೆ ಹಿಡಿದು ನಿಂತ ಮುದುಕನಿಗೆ ಚಿತ್ರಕಾರ ಹುಡುಗ ನನ್ನದೇ ಕನ್ನಡಕ ತೊಡಿಸಿದ್ದ. ಅದನ್ನು ನಾನು ಆಗಲೇ ಗಮನಿಸಿದ್ದು.

ಉಳಿದ ಪ್ರತಿಗಳು ಪರಿಚಯದ ಕನ್ನಡ ಮನೆಗಳಿಗೆ ಹೋದವು. ಡೊಂಬಿವಲಿಯ ಒಬ್ಬ ಹುಡುಗ 'ಕೊಡೆ'ಯನ್ನು 'ಕೂಡೆ' ಎಂದು ಓದುತ್ತಾನೆಂದು ಅವನ ತಾಯಿ ಫೋನ್ ಮಾಡಿದರು. ಮುಂದಿನ ಪ್ರತಿಗಳಲ್ಲಿ 'ಕೊ'ವಿನ ತಲೆಯ ಮೇಲಿನ ಎತ್ವ ಇನ್ನೂ ಸ್ಪಷ್ಟವಾಗಿ ಕಾಣುವ ಲಿಪಿಯನ್ನು ಬಳಸಬೇಕು, ಬರೆದಿಟ್ಟುಕೊಂಡಿದ್ದೇನೆ.

ಅವಳು ಪುಸ್ತಕ ಓದಿದ ಮರುದಿನ ಬೆಳಗ್ಗೆ ಪತ್ರಿಕೆ ನನ್ನ ಕೈಗೆ ತಡವಾಗಿ ಬಂತು. ಮೊಮ್ಮಗಳು ಅದನ್ನು ನೆಲದ ಮೇಲೆ ಹರಡಿಕೊಂಡು, ಹೊಟ್ಟೆಯ ಮೇಲೆ ಮಲಗಿ, ಪೆನ್ಸಿಲ್ ಹಿಡಿದಿದ್ದಳು. ಮೊದಲ ಪುಟದಲ್ಲಿ ಮರಿ ಇರುವ ಅಕ್ಷರಕ್ಕೆಲ್ಲ ಸುತ್ತು ಹಾಕಿದ್ದಳು: 'ಮಕ್ಕಳು', 'ಸಜ್ಜು', 'ಒಪ್ಪಿಗೆ'. ಓದಿಯೂ ತೋರಿಸಿದಳು. ಆಮೇಲೆ ಒಂದು ಪದದ ಕೆಳಗೆ ಪೆನ್ಸಿಲ್ ನಿಂತಿತು. 'ಹತ್ತು' ಎಂದಿತ್ತು.

"ಅಜ್ಜ, ಇದು ಯಾರ ಮರಿ? ಮೇಲಿನದರ ಹಾಗೆ ಇಲ್ಲವಲ್ಲ."

ಕನ್ನಡಕ ಹಾಕಿಕೊಂಡು ನಾನೂ ನೆಲದ ಮೇಲೆ ಕುಳಿತೆ.